ಕುರ್ಲಾದ ಬೋರ್ಡಿಲ್ಲದ ಗ್ಯಾರೇಜಲ್ಲಿ ನಮ್ಮ ಪದ್ಮಿನಿಯ ಏಳು ತಿಂಗಳ ಬಾಣಂತನ: 5ಕ್ಕೆ ಮೂರೂವರೆ ಸ್ಟಾರು

ಮೊದ್ಲೇ ಹೇಳಿಬಿಡ್ತೇನೆ, ಗ್ಯಾರೇಜಿನ ಹೆಸ್ರು ಕೇಳ್ಬೇಡಿ. ಒಂದು, ಅದಕ್ಕೆ ಬೋರ್ಡೇ ಇಲ್ಲ. ಇನ್ನೊಂದು, ಇಲ್ಲಿ ಹೊಗಳಿಕೆ ಎಷ್ಟುಂಟೋ ಬೈಗುಳವೂ ಅಷ್ಟೇ ಉಂಟು, ಹೆಸ್ರು ಹಾಕಿ ಬೈದು ನಾಳೆ ಮತ್ತೆ ಅದೇ ಬಾಗಿಲಿಗೆ ಗಾಡಿ ತಕೊಂಡು ಹೋಗ್ಬೇಕಾದವನು ನಾನೇ ಅಲ್ವಾ. ಜಾಗ ಮಾತ್ರ ಹೇಳ್ತೇನೆ: ಕುರ್ಲಾ ಸಿಎಸ್‌ಟಿ ರೋಡು, ಹಳೇ ಬಾಗಿಲು ಹಳೇ ಬಂಪರು ಹಳೇ ಇಂಜಿನ್ನು ಗುಡ್ಡೆ ಹಾಕಿಕೊಂಡು ಕೂತ ಅಂಗಡಿ ಸಾಲುಂಟಲ್ಲ, ಅದರ ಹಿಂದಿನ ಗಲ್ಲಿ. ಎರಡು ಗಾಡಿ ನಿಲ್ಲುವಷ್ಟು ಜಾಗ, ಮೂರನೇದು ಬಂದ್ರೆ ಆಪರೇಷನ್ ಎಲ್ಲ ರಸ್ತೆಯಲ್ಲೇ.

ಗಾಡಿ 1978ರ ಪ್ರೀಮಿಯರ್ ಪದ್ಮಿನಿ, ನಮ್ಮ ದೊಡ್ಡಪ್ಪಂದು. ಅವರು ಫೋರ್ಟಲ್ಲಿ ಒಂದು ಆಫೀಸಿನ ಕ್ಯಾಂಟೀನ್ ನಡೆಸ್ತಿದ್ರು, 1986ರಲ್ಲಿ ಸೆಕೆಂಡ್ ಹ್ಯಾಂಡ್ ತಕೊಂಡದ್ದು. ಕ್ರೀಮ್ ಕಲರು, ಸ್ಟೇರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿ ಇಂಜಿನ್ನು, ಹಿಂದಿನ ಸೀಟಲ್ಲಿ ನಾವು ಐದು ಮಕ್ಕಳು ಪ್ಲಸ್ ಮಾಟುಂಗಾ ಮಾರ್ಕೆಟಿಂದ ತಂದ ಬಾಳೆಎಲೆ ಕಟ್ಟು. ಈ ಗಾಡಿ ತಯಾರಾಗ್ತಿದ್ದದ್ದೂ ಕುರ್ಲಾದಲ್ಲೇ, 1964ರಲ್ಲಿ ಫಿಯಾಟ್ ಡಿಲೈಟ್ ಅಂತ ಶುರುವಾದ ಮಾಡೆಲ್ಲೇ ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ 1974ರ ಹೊತ್ತಿಗೆ ಪದ್ಮಿನಿ ಆದದ್ದು. ಹಾಗಾಗಿ ನಾನು ಮನೆಯಲ್ಲಿ ಹೇಳಿದ್ದು, ಹೆರಿಗೆಗೆ ತವರಿಗೆ ಕಳಿಸ್ತಾ ಇದ್ದೇನೆ, ಮೂರು ತಿಂಗಳಲ್ಲಿ ವಾಪಸ್ ಬರ್ತಾಳೆ ಅಂತ. ಬಂದದ್ದು ಏಳು ತಿಂಗಳಿಗೆ. ಹೇಳಿದ ಖರ್ಚು 1 ಲಕ್ಷ 40 ಸಾವಿರ, ಆದದ್ದು 2 ಲಕ್ಷ 65 ಸಾವಿರ. ಹೆಂಡತಿ ಇದನ್ನು ಓದುವ ಸಾಧ್ಯತೆ ಕಡಿಮೆ ಅಂತ ಧೈರ್ಯ ಮಾಡಿ ಸರಿಯಾದ ಲೆಕ್ಕ ಬರೆದಿದ್ದೇನೆ.

ಲಾಕ್‌ಡೌನಿಂದ ಈಚೆ ಗಾಡಿ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಕೆಳಗೆ ತಾಡಪತ್ರಿ ಹೊದ್ದುಕೊಂಡು ನಿಂತಿತ್ತು. ತಾಡಪತ್ರಿ ಹೊದಿಸಿದ್ರೆ ಕಾಪಾಡಿದ ಹಾಗೆ ಅಂತ ನಮ್ಮ ತಿಳುವಳಿಕೆ, ಆದ್ರೆ ಮುಂಬೈ ಮಳೆಗಾಲದಲ್ಲಿ ಅದರ ಒಳಗೆ ಸೇರಿದ ತೇವ ಹೊರಗೆ ಹೋಗೋದೇ ಇಲ್ಲ, ಇಡ್ಲಿ ಪಾತ್ರೆ ಮುಚ್ಚಿಟ್ಟ ಹಾಗೆ ಒಳಗೊಳಗೇ ಬೇಯ್ತದೆ. ಹೊರಗಿಂದ ಕಾಣುವಾಗ ಎಂತ ಆಗಿರ್ಲಿಲ್ಲ, ಸ್ವಲ್ಪ ಪೇಂಟ್ ಹಾರಿತ್ತು ಅಷ್ಟೆ. ಟೋಯಿಂಗ್ ಗಾಡಿಯಿಂದ ಇಳಿಸಿದ ಕೂಡ್ಲೇ ಗ್ಯಾರೇಜಿನ ಉಸ್ತಾದ್ ಏನೂ ಮಾತಾಡದೆ ಜೇಬಿಂದ ಒಂದು ಅಯಸ್ಕಾಂತ ತೆಗೆದು ಬಾಗಿಲ ಕೆಳಗೆ ಇಟ್ರು, ಅದು ಜಾರಿ ಕೆಳಗೆ ಬಿತ್ತು. ಇನ್ನೊಂದು ಕಡೆ ಇಟ್ರು, ಅಲ್ಲೂ ಬಿತ್ತು. ತುಕ್ಕಿನ ತೂತು ಮುಚ್ಚಲು ಮೆತ್ತಿ ಪೇಂಟ್ ಹೊಡೆದ ಪುಟ್ಟಿ ಮೇಲೆ ಅಯಸ್ಕಾಂತ ನಿಲ್ಲೋದಿಲ್ಲ, ತಗಡು ಇದ್ರೆ ತಾನೇ ನಿಲ್ಲೋದು. ಹಳೇ ಗಾಡಿ ತಕೊಳ್ಳುವವರು ಯಾರಾದ್ರೂ ಇದ್ರೆ ಬೇರೆ ಎಲ್ಲ ಬಿಡಿ, ಹತ್ತು ರೂಪಾಯಿಯ ಒಂದು ಅಯಸ್ಕಾಂತ ಜೇಬಲ್ಲಿ ಇಟ್ಕೊಂಡು ಹೋಗಿ.

ಅಲ್ಲಿ ವೆಲ್ಡಿಂಗ್ ಮಾಡುವವನು ವಿಜಯಪುರ ಕಡೆಯ ಹುಡುಗ, ನಾನು ಫೋನಲ್ಲಿ ಮನೆಗೆ ಕನ್ನಡದಲ್ಲಿ ಮಾತಾಡೋದು ಕೇಳಿ ಹತ್ರ ಬಂದ. ಕೆಳಗೆ ಮಲಗಿ ಸ್ಕ್ರೂ ಡ್ರೈವರಲ್ಲಿ ಡ್ರೈವರ್ ಸೀಟಿನ ತಳ ಕುಟ್ಟಿ ನೋಡಿ, "ಅಣ್ಣಾರ, ಇದರಾಗ ಪತ್ರಾನ ಉಳದಿಲ್ರಿ, ಬರೇ ಮ್ಯಾಟ್ ಮ್ಯಾಲೆ ಕುಂತು ಗಾಡಿ ಹೊಡದೀರಿ ನೀವು" ಅಂದ. ನಾನು ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ ಮಾರಾಯ್ರೆ, ಯಾಕೆಂದ್ರೆ ಹಿಂದಿನ ಎರಡು ಸಲ ದಸರಾಕ್ಕೆ ಪೂಜೆ ಮಾಡಿ ಇದೇ ಗಾಡಿಯಲ್ಲಿ ಮಗಳನ್ನು ಕೂರಿಸಿ ಒಂದು ರೌಂಡು ಹೊಡೆದಿದ್ದೆ. ಎರಡೂ ಕಡೆ ಫ್ಲೋರು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಎಲ್ಲ ಕತ್ತರಿಸಿ ಹೊಸ ತಗಡು ಹಾಕಿದ್ರು. ಈ ಹುಡುಗನ ಕೆಲ್ಸಕ್ಕೆ ನನ್ನ ಫುಲ್ ಮಾರ್ಕು. ಒಂದೇ ಕಡೆಯಿಂದ ಉದ್ದಕ್ಕೆ ಎಳೆದ್ರೆ ತಗಡು ಬಿಸಿಗೆ ಹಪ್ಪಳದ ಹಾಗೆ ಸುರುಟಿಕೊಳ್ತದೆ ಅಂತ ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಹಾಕ್ತಾ, ಮಧ್ಯೆ ತಣಿಯಲು ಬಿಟ್ಟು ಚಾ ಕುಡಿದು ಬಂದು, ಹಾಗೇ ನಾಲ್ಕು ದಿನ ಹಚ್ಚಿ ಮಾಡಿದ.

ಉಸ್ತಾದ್ ಬಗ್ಗೆ ಒಂದು ವಿಷ್ಯ ಹೇಳ್ಲೇಬೇಕು, ಈ ಮೂರೂವರೆ ಸ್ಟಾರಲ್ಲಿ ಎರಡು ಸ್ಟಾರು ಅದಕ್ಕೇ. ಅವರ ಹತ್ರ ಒಂದು ಎಣ್ಣೆ ಹಿಡಿದ ಡೈರಿ ಉಂಟು, ಪ್ರತಿ ಗಾಡಿಗೆ ಒಂದು ಪುಟ, ನಡುವೆ ಗೆರೆ. ಒಂದು ಕಡೆ ಪಕ್ಕಾ, ಇನ್ನೊಂದು ಕಡೆ ಕಾಮ್‌ಚಲಾವ್, ಅಂದ್ರೆ ಸದ್ಯಕ್ಕೆ ಕೆಲ್ಸ ನಡೆಯುವಂಥದ್ದು. ಪಾರ್ಟ್ ಸಿಗದೆ ಜುಗಾಡ್ ಮಾಡಿದ್ದೆಲ್ಲ ಕಾಮ್‌ಚಲಾವ್ ಕಡೆಗೆ ಹೋಗ್ತದೆ, ಗಾಡಿ ಕೊಡುವಾಗ ಆ ಲಿಸ್ಟು ಓದಿ ಹೇಳ್ತಾರೆ. ಜುಗಾಡ್ ಎಲ್ಲ ಗ್ಯಾರೇಜಲ್ಲೂ ಮಾಡ್ತಾರೆ, ಮಾಡಿದ್ದೇನೆ ಅಂತ ಬಾಯಿಬಿಟ್ಟು ಹೇಳಿದ್ದನ್ನು ನಾನು ನೋಡಿದ್ದು ಇಲ್ಲೇ ಮೊದ್ಲು.

ಮೊದಲ ಪೆಟ್ಟು ರೇಡಿಯೇಟರಲ್ಲಿ. ನೀರು ಹಾಕಿದ್ರೆ ಕೆಳಗಿನ ಪೈಪಿಗೆ ಇಳಿಯೋದೇ ಇಲ್ಲ. ಮೇಲಿನ ಟಾಂಕಿಯ ಬೆಸುಗೆ ಬಿಡಿಸಿ ತೆಗೆದ್ರೆ ಒಳಗೆಲ್ಲ ಹಳದಿ ಕೆಸರು. ಉಸ್ತಾದ್ ನನ್ನ ಮುಖ ನೋಡಿದ್ರು, ನಾನು ನೆಲ ನೋಡಿದೆ. ರೇಡಿಯೇಟರ್ ಸಣ್ಣಕ್ಕೆ ಸೋರಿದ್ರೆ ಅರಿಶಿನ ಪುಡಿ ಹಾಕಿ ಓಡಿಸೋದು ಹಳೇ ಡ್ರೈವರ್‌ಗಳ ಉಪಾಯ, ಪುಡಿ ನೀರಲ್ಲಿ ಊದಿ ತೂತಿಗೆ ಹೋಗಿ ಕೂತು ಸೋರೋದು ನಿಲ್ತದೆ, ಅದು ನಿಜವೇ. ಆದ್ರೆ ಅದು ಊರಿಗೆ ತಲುಪುವವರೆಗಿನ ಮದ್ದು. ನಮ್ಮ ದೊಡ್ಡಪ್ಪ ಕ್ಯಾಂಟೀನಿನವರು, ಅರಿಶಿನಕ್ಕೆ ಬರವೇ? ಇಪ್ಪತ್ತು ವರ್ಷ ಸೋರಿದಾಗೆಲ್ಲ ಒಂದೊಂದು ಚಮಚ ಹಾಕ್ತಾ ಬಂದಿದ್ದಾರೆ, ಸೋರುವ ತೂತಿನ ಜೊತೆಗೆ ಸೋರದೆ ಇರುವ ತೂತೂ ಮುಚ್ಚಿಹೋಗಿದೆ. ಪುಣ್ಯಕ್ಕೆ ಸಾಂಬಾರ್ ಪುಡಿ ಹಾಕಿರ್ಲಿಲ್ಲ. ಒಳಗಿನ ಜಾಲಿಯೇ ಹೊಸತು ಮಾಡಿಸ್ಬೇಕಾಯ್ತು, ಎಸ್ಟಿಮೇಟಲ್ಲಿ ಇಲ್ಲದ ಮೊದಲ ಖರ್ಚು ಇದು.

ಎರಡನೇದು ಪೆಟ್ರೋಲ್ ಟಾಂಕಿ. ಇವತ್ತು ಬಂಕಲ್ಲಿ ಸಿಗೋದು 20% ಎಥೆನಾಲ್ ಸೇರಿದ ಪೆಟ್ರೋಲು, ಅದು ಗಾಳಿಯ ತೇವ ಎಳ್ಕೊಳ್ತದೆ, ಜಾಸ್ತಿ ನೀರು ಸೇರಿದ್ರೆ ನೀರು ಮತ್ತು ಎಥೆನಾಲು ಬೇರೆಯಾಗಿ ತಳಕ್ಕೆ ಇಳೀತದೆ. ದಿನಾ ಓಡುವ ಗಾಡಿಗೆ ಇದು ಅಷ್ಟು ಗೊತ್ತಾಗೋದಿಲ್ಲ, ನಿಂತೇ ಇರುವ ಗಾಡಿಗೆ ಟಾಂಕಿ ತಳದಲ್ಲಿ ತುಕ್ಕು ಗ್ಯಾರಂಟಿ. ನಮ್ಮದರಲ್ಲಿ ತುಕ್ಕಿನ ಜೊತೆ ಹಳೇ ಅಂಟು ಕೂಡ ಬಿಟ್ಟು ಬಂದು ಕಾರ್ಬೊರೇಟರ್ ಜೆಟ್ಟಲ್ಲಿ ಸಿಕ್ಕಿಹಾಕಿಕೊಂಡಿತ್ತು, ರಬ್ಬರ್ ಪೈಪು ಚ್ಯೂಯಿಂಗ್ ಗಮ್ ಹಾಗೆ ಮೆತ್ತಗಾಗಿತ್ತು. ಟಾಂಕಿ ಒಳಗೆ ಕೈ ಹೋಗೋದಿಲ್ಲ, ಬ್ರಷ್ ಹೋಗೋದಿಲ್ಲ. ಎಂತ ಮಾಡಿದ್ರು ಗೊತ್ತುಂಟಾ, ಪಕ್ಕದ ಗಲ್ಲಿಯಲ್ಲಿ ಒಂದು ಹಳೇ ಬಿಲ್ಡಿಂಗ್ ಒಡೆದು ಕಟ್ಟುವ ಕೆಲ್ಸ ನಡೀತಿತ್ತು, ಅಲ್ಲಿ ಕಾಂಕ್ರೀಟ್ ಕಲಸುವ ಮಿಕ್ಸರು. ಟಾಂಕಿ ಒಳಗೆ ಒಂದು ಹಿಡಿ ನಟ್ಟು, ಒಂದು ತುಂಡು ಸೈಕಲ್ ಚೈನು, ಸ್ವಲ್ಪ ನೀರು ಹಾಕಿ ಬಾಯಿ ಮುಚ್ಚಿ, ಹಳೇ ಹಾಸಿಗೆ ಸುತ್ತಿ ಹಗ್ಗ ಕಟ್ಟಿ, ಊಟದ ಹೊತ್ತಲ್ಲಿ ಮಿಕ್ಸರ್ ಖಾಲಿ ಇರುವಾಗ ಅದರೊಳಗೆ ಮಲಗಿಸಿ ಒಂದು ಗಂಟೆ ತಿರುಗಿಸಿದ್ರು. ಅಲ್ಲಿನ ಮುಕಾದಮನಿಗೆ ಚಾ ಮತ್ತು ವಡಾಪಾವ್. ಒಳಗಿಂದ ಬಂದ ಕೆಂಪು ನೀರು ನೋಡಿದ್ರೆ ನಮ್ಮ ಊರಿನ ಜಂಬಿಟ್ಟಿಗೆ ಕಲ್ಲು ತೊಳೆದ ಹಾಗಿತ್ತು.

ಆಮೇಲೆ ತಳದಲ್ಲಿ ಎರಡು ಸೂಜಿ ತೂತು ಕಂಡವು. ನಾನು ದೊಡ್ಡಪ್ಪನ ಇನ್ನೊಂದು ವಿದ್ಯೆ ಪ್ರದರ್ಶನ ಮಾಡಿದೆ, ಬಟ್ಟೆ ಸೋಪು ಗಟ್ಟಿಯಾಗಿ ಉಜ್ಜಿದ್ರೆ ಪೆಟ್ರೋಲ್ ಸೋರೋದು ನಿಲ್ತದಲ್ಲ ಅಂತ. ನಿಲ್ತದೆ, ಮನೆಗೆ ಹೋಗುವವರೆಗೆ ನಿಲ್ತದೆ, ಆಮೇಲೆ ಬೆಂಕಿ ಬಿದ್ರೆ ಸೋಪಲ್ಲಿ ಕೈ ತೊಳ್ಕೊಳ್ಳಿ ಅಂದ್ರು ಉಸ್ತಾದ್. ಅವರ ಪ್ರಕಾರ ಪೆಟ್ರೋಲು ಮತ್ತು ಬ್ರೇಕು ಎರಡಕ್ಕೆ ಕಾಮ್‌ಚಲಾವ್ ಕಡೆ ಜಾಗವೇ ಇಲ್ಲ. ಟಾಂಕಿ ಬಾಯಿವರೆಗೆ ನೀರು ತುಂಬಿಸಿ, ಬೆಸುಗೆ ಹಾಕುವ ಜಾಗ ಮಾತ್ರ ಮೇಲೆ ಬರುವ ಹಾಗೆ ಓರೆ ಇಟ್ಟು, ಆಮೇಲೇ ಬೆಂಕಿ ಹತ್ತಿಸಿದ್ದು. ಖಾಲಿ ಟಾಂಕಿಯಲ್ಲಿ ಪೆಟ್ರೋಲಿನ ಆವಿ ಉಳಿದಿರ್ತದೆ, ತುಂಬಿದ ಟಾಂಕಿಗಿಂತ ಖಾಲಿ ಟಾಂಕಿಯೇ ಡೇಂಜರು, ಇದು ನಂಗೆ ಗೊತ್ತೇ ಇರ್ಲಿಲ್ಲ. ಪೈಪೆಲ್ಲ ಎಥೆನಾಲ್ ತಡೆಯುವ ಜಾತಿಯದ್ದು ಹಾಕಿದ್ರು, ಮಾಮೂಲಿ ಪೈಪಿನ ನಾಲ್ಕು ಪಟ್ಟು ರೇಟು. ಕೊಟ್ಟೆ.

ಇನ್ನು ಗೇರಿನ ಕತೆ. ಸ್ಟೇರಿಂಗಿಂದ ಗೇರ್‌ಬಾಕ್ಸಿಗೆ ಕಡ್ಡಿಗಳು ಹೋಗ್ತವಲ್ಲ, ಅದರ ಸಂದಿಯಲ್ಲಿ ಕೂರುವ ಬಳೆಯಂಥ ಬುಷ್‌ಗಳು ಸವೆದ್ರೆ ಗೇರು ಎಲ್ಲಿ ಬಿತ್ತು ಅಂತ ಗೊತ್ತಾಗೋದಿಲ್ಲ, ಫಸ್ಟಿಂದ ಸೆಕೆಂಡಿಗೆ ಹಾಕುವಾಗ ಮಧ್ಯದಲ್ಲಿ ಸಿಕ್ಕಿ ನಿಂತುಬಿಡ್ತದೆ, ಆಗ ಬೋನೆಟ್ ಎತ್ತಿ ಕೈಯಲ್ಲಿ ಕಡ್ಡಿ ಅಲ್ಲಾಡಿಸಿ ಬಿಡಿಸ್ಬೇಕು, ಹಿಂದಿನವರು ಹಾರ್ನ್ ಹೊಡೀತಾ ಇರ್ತಾರೆ. ಪದ್ಮಿನಿ ತಯಾರಿ ನಿಂತು 25 ವರ್ಷದ ಹತ್ರ ಆಯ್ತು. ಆದ್ರೂ ಟ್ಯಾಕ್ಸಿಗಳು ಓಡ್ತಾ ಇದ್ದವರೆಗೆ ಪಾರ್ಟ್ಸಿಗೆ ಅಂಥ ತೊಂದ್ರೆ ಇರ್ಲಿಲ್ಲ. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಆಯಸ್ಸು, ಕೊನೇ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ರಿಜಿಸ್ಟರ್ ಆದದ್ದು 29 ಅಕ್ಟೋಬರ್ 2003, ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅದೂ ಮುಗೀತು. ಅಂಗಡಿಯವರಿಗೆ ದಿನಾ ಬರುವ ಗಿರಾಕಿಯೇ ಇಲ್ಲ, ಮತ್ತೆ ಯಾರಿಗಂತ ಮಾಲು ತರಿಸ್ತಾರೆ. ಒಪೆರಾ ಹೌಸ್ ಕಡೆ ಪಾರ್ಟ್ಸ್ ಅಂಗಡಿಗಳಲ್ಲಿ ಎರಡು ಶನಿವಾರ ಸುತ್ತಿದೆ, ನಾಗದೇವಿಯಲ್ಲಿ ಒಂದು ದಿನ. ಬುಷ್ ಅಂತ ಹೇಳಿದ ಕೂಡ್ಲೇ ನಕ್ಕು, "ಕಾಕಾ, ಗಾಡಿ ಇನ್ನೂ ಉಂಟಾ?" ಅಂತ ಕೇಳುವವರೇ ಎಲ್ಲ.

ಉಸ್ತಾದ್ ಹೇಳಿದ್ರು, ನೈಲಾನ್ ರಾಡ್ ತಂದ್ರೆ ಲೇತಲ್ಲಿ ಮಾಡಿಸ್ಬಹುದು, ಆದ್ರೆ ಲೇತಿನವನು ಊರಿಗೆ ಹೋಗಿದ್ದಾನೆ, ಹತ್ತು ದಿನ. ನಂಗೆ ಅದೇ ವಾರ ಗಾಡಿ ಒಮ್ಮೆ ಓಡಿಸಿ ನೋಡ್ಬೇಕಿತ್ತು. ಅವರೇ ಕೇಳಿದ್ರು, ಮನೆಯಲ್ಲಿ ತರಕಾರಿ ಕೊಯ್ಯುವ ಪ್ಲಾಸ್ಟಿಕ್ ಹಲಗೆ ಉಂಟಾ, ದಪ್ಪದ್ದು, ಬಿಳಿದು. ದೊಡ್ಡಮ್ಮನ ಅಡುಗೆಮನೆಯಲ್ಲಿತ್ತು. ಅವರು ಮಧ್ಯಾಹ್ನ ಮಲಗಿದ್ದಾಗ ತಕೊಂಡು ಬಂದೆ. ಡ್ರಿಲ್ಲಿಗೆ ಹಾಕುವ ದುಂಡು ಗರಗಸದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ನಡುವೆ ತೂತು ಕೊರೆದು, ಅರದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದ್ರು. ನಾಲ್ಕು ಬುಷ್ಷು. ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳ್ತದೆ ಈಗ. ಡೈರಿಯಲ್ಲಿ ಕಾಮ್‌ಚಲಾವ್ ಅಂತ ಬರ್ದದ್ದು, ಲೇತಿನವನು ವಾಪಸ್ ಬಂದು ಎಷ್ಟೋ ಕಾಲ ಆಯ್ತು, ಅದನ್ನು ಬದಲಿಸುವ ಯೋಚನೆ ಇಬ್ಬರಿಗೂ ಬರ್ಲಿಲ್ಲ. ದೊಡ್ಡಮ್ಮನಿಗೆ ಹೊಸ ಹಲಗೆ ತಂದುಕೊಟ್ಟೆ, ಅದು ಜಾರ್ತದಂತೆ, ಹಳೇದರ ಹಾಗಿಲ್ವಂತೆ, ಈಗ್ಲೂ ಬೀನ್ಸ್ ಕೊಯ್ಯುವಾಗ ನನ್ನ ಹೆಸ್ರು ಹೇಳಿ ಬೈತಾರೆ.

ಬ್ರೇಕು ನಾನು ಮುಂದೆ ಡಿಸ್ಕ್ ಹಾಕಿಸ್ಬೇಕು ಅಂತಿದ್ದೆ, ನಾಲ್ಕೂ ಚಕ್ರಕ್ಕೆ ಡ್ರಮ್ಮು ಈ ಗಾಡಿಗೆ. ಉಸ್ತಾದ್ ಖಡಾಖಂಡಿತ ಬೇಡ ಅಂದ್ರು. ಡಿಸ್ಕಿಗೆ ಬೇಕಾದ ಪ್ರೆಶರೇ ಬೇರೆ, ಮಾಸ್ಟರ್ ಸಿಲಿಂಡರ್ ಬೇರೆ ಬೇಕು, ಹಿಂದೆ ಮುಂದೆ ಹಿಡಿತದ ಲೆಕ್ಕ ತಪ್ಪಿದ್ರೆ ಮಳೆಯಲ್ಲಿ ಗಾಡಿ ಹಿಂದುಮುಂದಾಗ್ತದೆ, ಇದೆಲ್ಲ ಲೆಕ್ಕ ಹಾಕುವ ತಲೆ ನನ್ನ ಹತ್ರ ಇಲ್ಲ, ಇರುವವರ ಹತ್ರ ಹೋಗಿ ಅಂತ. ಇಷ್ಟು ನೇರ ಹೇಳುವ ಮೆಕ್ಯಾನಿಕ್ ಎಲ್ಲಿ ಸಿಗ್ತಾನೆ ಹೇಳಿ. ಇದ್ದ ಡ್ರಮ್ಮನ್ನೇ ಸರಿ ಮಾಡುವಾಗ ನಾನು ತಂದುಕೊಟ್ಟ ವೀಲ್ ಸಿಲಿಂಡರ್ ರಬ್ಬರ್‌ಗಳನ್ನು ಒಂದು ಚಾ ಗ್ಲಾಸಲ್ಲಿ ಬ್ರೇಕ್ ಆಯಿಲ್ ಹಾಕಿ ಉದ್ದಿನಬೇಳೆ ನೆನೆಹಾಕಿದ ಹಾಗೆ ರಾತ್ರಿ ನೆನೆಸಿಟ್ರು. ಮೊದ್ಲು ವರ್ನಿಯರಲ್ಲಿ ಅಳತೆ ಬರ್ಕೊಂಡಿದ್ರು, ಬೆಳಿಗ್ಗೆ ಮತ್ತೆ ಅಳೆದ್ರೆ ಎಂಟರಲ್ಲಿ ಐದು ಊದಿಕೊಂಡಿದ್ದವು. ರಬ್ಬರಿನ ಜಾತಿ ತಪ್ಪಿದ್ರೆ ಹಾಗಾಗ್ತದೆ, ಬೇರೆ ಎಣ್ಣೆ ತಡೆಯುವ ರಬ್ಬರು ಬ್ರೇಕ್ ಆಯಿಲ್ ತಡೆಯೋದಿಲ್ಲ. ಅದನ್ನು ಹಾಕಿದ್ರೆ ಬ್ರೇಕ್ ಹಿಡಿದದ್ದು ಬಿಡೋದೇ ಇಲ್ಲ. ಒರಿಜಿನಲ್ ಅಂತ ಪ್ಯಾಕೆಟಲ್ಲಿ ಕೊಟ್ಟ ಅಂಗಡಿಯವ ವಾಪಸ್ ತಕೊಳ್ಳಲಿಲ್ಲ, ದುಡ್ಡು ಹೋಯ್ತು. ಆ ಅಂಗಡಿಗೆ ಸೊನ್ನೆ ಸ್ಟಾರು.

ಇಲ್ಲಿವರೆಗೆ ಓದಿದವರು ಮತ್ತೆ ಯಾಕೆ ಮೂರೂವರೆ, ಐದು ಕೊಡ್ಬಹುದಲ್ವಾ ಅಂದ್ಕೊಂಡಿರ್ತೀರಿ. ಈಗ ಕೇಳಿ.

ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆದು ಮಾರುತಿ 800ರ ಆಲ್ಟರ್ನೇಟರ್ ಹಾಕೋದು ಅಂತ ತೀರ್ಮಾನ ಆಯ್ತು, ಟ್ರಾಫಿಕ್ಕಲ್ಲಿ ನಿಂತಾಗ ಡೈನಮೋ ಚಾರ್ಜೇ ಮಾಡೋದಿಲ್ಲ, ಹೆಡ್‌ಲೈಟು ಬೆಳದಿಂಗಳ ಹಾಗೆ ಇರ್ತದೆ. ಬ್ರಾಕೆಟು ಅವರೇ ಪಟ್ಟಿ ಕೊಯ್ದು ಮಾಡಿದ್ರು, ಪುಲ್ಲಿ ಸ್ವಲ್ಪ ಓರೆಯಾಗಿ ಬೆಲ್ಟು ಹಂದಿಮರಿ ಹಾಗೆ ಕಿರುಚ್ತಿತ್ತು, ಮೂರು ವಾಶರ್ ಕೊಟ್ಟು ಸರಿ ಮಾಡಿದ್ರು. ಇದೆಲ್ಲ ಸರಿ. ಆದ್ರೆ ಡ್ಯಾಶ್‌ಬೋರ್ಡಲ್ಲಿ ದೊಡ್ಡಪ್ಪ ಹೊರಗಿಂದ ಹಾಕಿಸಿದ ಒಂದು ಆಂಪಿಯರ್ ಮೀಟರ್ ಉಂಟು, ಇಡೀ ಚಾರ್ಜಿಂಗ್ ಕರೆಂಟು ಅದರೊಳಗಿಂದಲೇ ಹಾದುಹೋಗೋದು, ಡೈನಮೋಗೆ ಸಾಕಾಗುವ ವೈರು ಆಲ್ಟರ್ನೇಟರಿಗೆ ಸಾಕಾಗ್ತದಾ? ಎಲೆಕ್ಟ್ರಿಷಿಯನ್ ಅಂತ ಹೊರಗಿಂದ ಕರೆಸಿದ್ದ ಮನುಷ್ಯ ಅದನ್ನು ನೋಡ್ಲೇ ಇಲ್ಲ. ಸಯನ್ ಸಿಗ್ನಲಲ್ಲಿ ಡ್ಯಾಶ್‌ಬೋರ್ಡ್ ಹಿಂದಿಂದ ಹೊಗೆ. ನಾನು ಮೊದ್ಲು ಪಕ್ಕದ ಗಾಡಿದ್ದು ಅಂದ್ಕೊಂಡೆ. ಬ್ಯಾಟರಿ ಟರ್ಮಿನಲ್ ಕಿತ್ತು ಹಾಕಲು ಸ್ಪ್ಯಾನರ್ ಬೇಕು, ಡಿಕ್ಕಿಯಲ್ಲಿ, ಡಿಕ್ಕಿ ಲಾಕು. ಹೇಗೋ ತೆಗೆದೆ, ಒಂದು ಗೇಣು ವೈರ್ ಕರಗಿ ಅಂಟಿಹೋಗಿತ್ತು. ಆಮೇಲೆ ಆಂಪಿಯರ್ ಮೀಟರಿನ ಕನೆಕ್ಷನ್ ತೆಗೆದು ದಪ್ಪ ವೈರು ನೇರ ಬ್ಯಾಟರಿಗೆ ಎಳೆದು, ನಡುವೆ ಫ್ಯೂಸ್ ಕೊಟ್ಟು, ಮೀಟರ್ ಜಾಗಕ್ಕೆ ವೋಲ್ಟ್ ಮೀಟರ್ ಕೂರಿಸಿದ್ರು. ದುಡ್ಡು ತಕೊಳ್ಳಲಿಲ್ಲ, ಆದ್ರೆ ಕ್ಷಮಿಸಿ ಅಂತ ಒಂದು ಮಾತೂ ಇಲ್ಲ, "ಹೋತಾ ಹೈ ಸೇಟ್" ಅಷ್ಟೆ. ನನ್ನ ಗಾಡಿಗೆ ಬೆಂಕಿ ಬೀಳುವುದು ಹೋತಾ ಹೈ ಲಿಸ್ಟಲ್ಲಿ ಬರೋದಿಲ್ಲ ಸ್ವಾಮಿ.

ಇನ್ನೊಂದು ಇದಕ್ಕಿಂತ ದೊಡ್ಡದು. ಇಂಜಿನ್ನಿಗೆ ಕರೆಂಟ್ ಫ್ಯಾನು, ಅದೂ ಮಾರುತಿದೇ, ಹಾಕಿಸಿದ್ವಿ. ಡಿಸೆಂಬರ್ ಮೊದಲ ಭಾನುವಾರ ಖಂಡಾಲಾವರೆಗೆ ಹೋಗಿ ಬರುವ ಅಂತ ಹೊರಟದ್ದು, ನಾನು, ಹೆಂಡತಿ, ಮಗಳು, ಒಂದು ಡಬ್ಬ ಚಿತ್ರಾನ್ನ. ಶೀಳ್ ಫಾಟಾ, ಪನ್ವೇಲ್, ಅಲ್ಲಿಂದ ಹಳೇ ಹೈವೇ. ವಿಚಿತ್ರ ನೋಡಿ, ಸಿಗ್ನಲಲ್ಲಿ ನಿಂತ್ರೆ ಟೆಂಪರೇಚರ್ ಮುಳ್ಳು ಇಳೀತದೆ, 50ರಲ್ಲಿ ಹೋದ್ರೆ ಏರ್ತದೆ. ಎಲ್ಲ ಗಾಡಿಗೆ ಉಲ್ಟಾ ಅಲ್ವಾ ಆಗೋದು. ಖೋಪೋಲಿ ದಾಟಿ ಬೋರ್ ಘಾಟ್ ಹತ್ತಲು ಶುರು ಮಾಡಿದ್ದಷ್ಟೇ, ಶಿಂಗ್ರೋಬಾ ಗುಡಿ ಬರುವಾಗ ಮುಳ್ಳು ಕೆಂಪಲ್ಲಿ, ಬೋನೆಟಿಂದ ಉಗಿ. ಅಲ್ಲಿ ಘಾಟ್ ಹತ್ತುವ ಡ್ರೈವರ್‌ಗಳು ಗುಡಿಗೆ ದುಡ್ಡು ಹಾಕಿ ಮುಂದೆ ಹೋಗೋದು ಪದ್ಧತಿ, ನಾನು ಹಾಕದೆ ಹೋಗುವ ಅಂತಿದ್ದೆ, ಗಾಡಿಯೇ ನಿಲ್ಲಿಸಿತು ಅಂತ ಹೆಂಡತಿ ಈಗ್ಲೂ ಹೇಳ್ತಾಳೆ.

ಉಸ್ತಾದ್ ಫೋನ್ ಎತ್ತಲಿಲ್ಲ, ಭಾನುವಾರ. ವೆಲ್ಡಿಂಗ್ ಹುಡುಗನಿಗೆ ಮಾಡಿದೆ. ಎಲ್ಲ ಕೇಳಿ ಒಂದು ನಿಮಿಷ ಸುಮ್ಮನಿದ್ದು, "ಅಣ್ಣಾರ, ಇಂಜಿನ್ ಆರಿದ ಮ್ಯಾಲೆ ಫ್ಯಾನ್ ಅಷ್ಟ ಚಾಲೂ ಮಾಡಿ, ಜಾಲಿ ಮುಂದ ಒಂದು ಹಾಳಿ ಹಿಡೀರಿ. ಹಾಳಿ ಜಾಲಿಗೆ ಅಂಟಬೇಕು. ಹಾರಿ ಹೋತಂದ್ರ ಫ್ಯಾನ್ ಉಲ್ಟಾ ತಿರುಗಾಕತ್ತೈತಿ" ಅಂದ. ಚಿತ್ರಾನ್ನ ಸುತ್ತಿದ್ದ ಪೇಪರ್ ಹಿಡಿದೆ, ಹಾರಿ ರಸ್ತೆ ಆಚೆ ಹೋಯ್ತು. ಎರಡು ವೈರು ಅದಲುಬದಲು ಆಗಿತ್ತು ಅಷ್ಟೇ. ಮುಂದಿಂದ ಒಳಗೆ ಎಳೀಬೇಕಾದ ಗಾಳಿಯನ್ನು ಅದು ಒಳಗಿಂದ ಹೊರಗೆ ದೂಡ್ತಿತ್ತು, ನಿಂತಾಗ ಹೇಗಾದ್ರೂ ಸ್ವಲ್ಪ ಗಾಳಿ ಆಡ್ತದೆ, ಓಡುವಾಗ ಎದುರಿಂದ ಬರುವ ಗಾಳಿಗೂ ಫ್ಯಾನಿಗೂ ಕುಸ್ತಿ, ಯಾರೂ ಗೆಲ್ಲೋದಿಲ್ಲ, ರೇಡಿಯೇಟರ್ ಸಾಯ್ತದೆ. ವೈರ್ ಬದಲಿಸಲು ಎರಡು ನಿಮಿಷ, ಇಂಜಿನ್ ತಣಿಯಲು ಮುಕ್ಕಾಲು ಗಂಟೆ, ಬಿಸಿ ಇರುವಾಗ ಕ್ಯಾಪ್ ತೆಗೆಯುವ ಮೂರ್ಖತನ ಮಾಡ್ಲಿಲ್ಲ ಅದೊಂದು ಸಮಾಧಾನ. ಆಮೇಲೆ ಖಂಡಾಲಾವರೆಗೆ ಮುಳ್ಳು ಅಲುಗಾಡ್ಲಿಲ್ಲ. ಒಂದು ಪೇಪರ್ ಹಿಡಿದು ನೋಡಿ ಗಾಡಿ ಕೊಡ್ಬಹುದಿತ್ತು, ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ಇನ್ನೊಂದು ತಿಂಗಳು ತವರು. ಇದಕ್ಕೆ ಒಂದು ಸ್ಟಾರ್ ಪೂರಾ ಕಟ್.

ಉಳಿದ ಅರ್ಧ ಸ್ಟಾರು ಕಟ್ ಆದದ್ದು ಲೆಕ್ಕದ್ದು. ಬಿಲ್ಲು ಅನ್ನೋದು ಇಲ್ಲ, ಸಿಗರೇಟ್ ಪ್ಯಾಕಿನ ಹಿಂದೆ ಬರ್ದು ಕೊಡ್ತಾರೆ. ಫೋಟೋ ಕಳಿಸಿ ಅಂದ್ರೆ ಹೂಂ ಅಂತಾರೆ, ಕಳಿಸೋದಿಲ್ಲ. ಗಣಪತಿ, ದೀಪಾವಳಿ, ಹುಡುಗನ ತಂಗಿ ಮದುವೆ, ಎಲ್ಲ ನಮ್ಮ ಗಾಡಿಯ ತಲೆ ಮೇಲೆ. ನೀವು ವಾರಕ್ಕೊಮ್ಮೆ ಹೋಗಿ ನಿಂತ್ರೆ ಕೆಲ್ಸ ಆಗ್ತದೆ, ಫೋನಲ್ಲಿ ಆಗೋದಿಲ್ಲ. ಹೋಗುವಾಗ ಹನ್ನೊಂದು ಗಂಟೆ ಮೊದ್ಲು ಹೋಗಿ, ಆಮೇಲೆ ಆ ಗಲ್ಲಿಗೆ ಟೆಂಪೋ ನುಗ್ಗಿದ್ರೆ ಮಧ್ಯಾಹ್ನವರೆಗೆ ಹೊರಗೆ ಬರೋದಿಲ್ಲ.

ಪೇಂಟ್ ಬಗ್ಗೆ ಎಲ್ಲರೂ ಕೇಳ್ತಾರೆ. ಕಡುನೀಲಿ ಮಾಡಿಸುವ ಆಸೆಯಿತ್ತು, ಆದ್ರೆ ಕಲರ್ ಬದಲಿಸಿದ್ರೆ ಆರ್‌ಸಿಯಲ್ಲೂ ಬದಲಿಸ್ಬೇಕು, ಮೊದ್ಲೇ ನಮ್ಮದು ರಿನ್ಯೂವಲ್‌ಗೆ ನಿಂತ ಗಾಡಿ. ಆಗಸ್ಟ್ 2025ರಿಂದ 20 ವರ್ಷ ದಾಟಿದ ಕಾರಿಗೆ ರಿನ್ಯೂವಲ್ ಫೀಸೇ 10,000, ಮೊದ್ಲು 5,000 ಇತ್ತು, ಸಿಗೋದು ಐದು ವರ್ಷಕ್ಕೆ. ಅದರ ಜೊತೆ ಇನ್ನೊಂದು ತಲೆನೋವು ಬೇಡ ಅಂತ ಕ್ರೀಮೇ ಇಟ್ಕೊಂಡೆ. 2028ಕ್ಕೆ ಗಾಡಿಗೆ 50 ತುಂಬ್ತದೆ, ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸು ಅಂತ ತಮ್ಮ ಹೇಳ್ತಾನೆ. ಅದು ಮೂಲ ರೂಪದಲ್ಲೇ ಉಳಿದ ಗಾಡಿಗೆ ಇರುವ ನಿಯಮ, ಮೇಲಿಂದ ಹಾಗೆ ರಿಜಿಸ್ಟರ್ ಆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಬಿಟ್ರೆ ದಿನಾ ಓಡಿಸುವ ಹಾಗಿಲ್ಲ. ಮಾಟುಂಗಾಕ್ಕೆ ಹೋಗಿ ರಾಮ ನಾಯಕ್‌ರಲ್ಲಿ ಎಲೆ ಊಟ ಮಾಡಿ ಬರಲಾಗದ ಗಾಡಿ ನಂಗೆ ಯಾಕೆ. ತರಕಾರಿ ಹಲಗೆ ಮೇಲೆ ಗೇರ್ ಓಡಿಸುವವನಿಗೆ ವಿಂಟೇಜ್ ಪ್ಲೇಟ್ ಕೊಡ್ತಾರೋ ಇಲ್ವೋ ಅದು ಬೇರೆ ಪ್ರಶ್ನೆ.

ಈಗ ಗಾಡಿ ವಾರಕ್ಕೆ ಎರಡು ಸಲ ಹೊರಗೆ ಬರ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಟ್ರಾಫಿಕ್ಕಲ್ಲಿ ಪೆಟ್ರೋಲ್ ಪಂಪ್ ಬಿಸಿಯಾಗಿ ಪೈಪಲ್ಲಿ ಆವಿ ಕಟ್ಟಿ ಎರಡು ಸಲ ಬಂದ್ ಬಿತ್ತು, ಹಳೇ ಟ್ಯಾಕ್ಸಿಯವರ ಹಾಗೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಕಾದ್ರೆ ಸೆಲ್ಫ್ ಹೊಡೆದ ಕೂಡ್ಲೇ ಎದ್ದು ಕೂರ್ತದೆ, ಅದಕ್ಕೇ ಅಂತ ಒಂದು ಬಾಟ್ಲಿ ನೀರು, ಒಂದು ಹಳೇ ಬೈರಾಸು ಯಾವಾಗ್ಲೂ ಇರ್ತದೆ. ಎಡಗಡೆ ಹಿಂದಿನ ಗಾಜು ಅರ್ಧಕ್ಕೆ ಮಾತ್ರ ಇಳೀತದೆ. ವೈಪರ್ ಮೋಟರು ರಿಪೇರಿಗೆ ಅಂತ ಉಸ್ತಾದ್ ಬಿಚ್ಚಿಟ್ಟುಕೊಂಡದ್ದು ಇನ್ನೂ ಅವರ ಹತ್ರವೇ ಉಂಟು, ಮಳೆ ಮೊದ್ಲು ಕೊಡ್ತೇನೆ ಅಂದಿದ್ದಾರೆ. ಮೊನ್ನೆ ಸಂಜೆ ನಾಲ್ಕು ಹನಿ ಬಿತ್ತು. ಕೂಡ್ಲೇ ಅವರಿಗೆ ಫೋನ್ ಮಾಡಿದ್ರೆ, ಅರ್ಧ ಆಲೂಗಡ್ಡೆ ಗಾಜಿಗೆ ಉಜ್ಜಿ, ನೀರು ಹನಿ ಕಟ್ಟದೆ ಹಾಗೇ ಜಾರಿಹೋಗ್ತದೆ ಅಂದ್ರು. ಕಾಮ್‌ಚಲಾವ್ ಕಡೆ ಅದನ್ನೂ ಬರ್ಕೊಂಡಿದ್ದಾರಾ ಗೊತ್ತಿಲ್ಲ, ಸದ್ಯಕ್ಕೆ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಎರಡು ಆಲೂಗಡ್ಡೆ, ಒಂದು ಚಾಕು ಇಟ್ಟಿದ್ದೇನೆ. ಹಲಗೆ ಹೇಗೂ ಗಾಡಿಯಲ್ಲೇ ಉಂಟಲ್ಲ.